ಮೆಮೊರಿಗೆ ಹಚ್ಚಿದ ಅರಿಶಿನ

ಕಂಪ್ಯೂಟರು ಮೊದಲನೇ ಸಲ ಕೂಗಿದಾಗ ಸೊಣ್ಣಮ್ಮ ಪಡಸಾಲೆಯ ಕಂಬಕ್ಕೆ ಒರಗಿ, ನೆನೆಸಿದ ಅವರೆಕಾಳನ್ನು ಹಿಚುಕಿ ಹಿಚುಕಿ ಬೇಳೆ ತೆಗೆಯುತ್ತಾ ಕೂತಿದ್ದಳು. ಬೀಂ ಅಂತ ಉದ್ದಕ್ಕೆ ಒಂದು ಕೂಗು, ಉಸಿರೆಳೆಯುವಷ್ಟು ಹೊತ್ತು ಸುಮ್ಮನೆ, ಮತ್ತೆ ಬೀಂ. ಬೆರಳಿನಿಂದ ಬೇಳೆ ಪಾತ್ರೆಗೆ ಬೀಳುವ ಬದಲು ಚಿಮ್ಮಿಹೋಗಿ ಸೊಸೆಯ ಬೆನ್ನಿಗೆ ತಗುಲಿತು. ಶಿಲ್ಪ ತಿರುಗಿಯೂ ನೋಡಲಿಲ್ಲ. ಮೂಲೆಯ ಮೇಜಿನ ಮುಂದೆ ಮಂಡಿಯೂರಿ, ಪಕ್ಕದ ತಗಡು ಬಿಚ್ಚಿಟ್ಟ ಕಂಪ್ಯೂಟರಿನ ಡಬ್ಬದೊಳಕ್ಕೆ ತಲೆ ತೂರಿಸಿಕೊಂಡು, "ಅಯ್ಯೋ, ಯಾಕೆ?" ಅಂದಳು. ಅತ್ತೆಯನ್ನು ಕೇಳಿದ್ದಲ್ಲ, ಡಬ್ಬವನ್ನು ಕೇಳಿದ್ದು. ಆದರೆ ಉತ್ತರ ಇದ್ದದ್ದು ಅತ್ತೆಯ ಹತ್ತಿರ. ಇತ್ತು ಅನ್ನುವುದೂ ಪೂರ್ತಿ ನಿಜವಲ್ಲ. ಇದ್ದರೂ ಇರಬಹುದೇನೋ ಅನ್ನುವ ಒಂದು ಅಳುಕು. ಸೊಣ್ಣಮ್ಮ ತಲೆ ಬಗ್ಗಿಸಿ ಇನ್ನೊಂದು ಕಾಳು ಹಿಚುಕಿದಳು. ಮತ್ತೆ ಬೀಂ ಅಂತು. ಊರೋರಿಗೆಲ್ಲ ಕೇಳುವ ಹಾಗೆ ತನ್ನ ಹೆಸರು ಹಿಡಿದೇ ಕೂಗುತ್ತಿದೆ ಅನ್ನಿಸಿತು ಅವಳಿಗೆ.

ಆಗಿದ್ದಿಷ್ಟು. ಆ ಭಾನುವಾರ ಬೆಳಗಿನ ಜಾವ ಎಂದಿನಂತೆ ನೀರು ಹುಯ್ದುಕೊಂಡು, ದೇವರಿಗೆ ದೀಪ ಹಚ್ಚಿ, ಹೊಸಿಲಿಗೆ ಅರಿಶಿನ ಬಳಿದು ಎದ್ದಾಗ ಬೆರಳ ತುದಿಯಲ್ಲಿ ಇನ್ನೂ ಒಂದಿಷ್ಟು ಹಸಿ ಅರಿಶಿನ ಉಳಿದಿತ್ತು. ಗೋಡೆಯ ಗೂಡಿನಲ್ಲಿ ಶಿಲ್ಪ ಹಿಂದಿನ ದಿನ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದಿಟ್ಟ ಪೊಟ್ಟಣ. ಪೊಟ್ಟಣದೊಳಗೆ ಗೇಣುದ್ದವೂ ಇಲ್ಲದ ಒಂದು ಹಸಿರು ಪಟ್ಟಿ, ಅದರ ಅಂಚಿಗೆ ಸಾಲಾಗಿ ಚಿನ್ನದ ಬಣ್ಣದ ಹಲ್ಲು. "ಇದಕ್ಕೆ ಮೆಮೊರಿ ಅಂತಾರೆ ಅತ್ತೆ. ನಮ್ಮ ಕಂಪ್ಯೂಟರು ಹಳೇದಲ್ವಾ, ನೆನಪಿಟ್ಕೊಳ್ಳೋ ಶಕ್ತಿ ಕಮ್ಮಿ, ಒಂದು ಕಾಗದ ತೆಗೆಯೋಕೂ ತಿಣುಕುತ್ತೆ. ಇದನ್ನ ಹಳೇದ್ರ ಪಕ್ಕದಲ್ಲಿ ಸಿಕ್ಕಿಸಿದ್ರೆ ಓಡುತ್ತೆ ನೋಡಿ" ಅಂದಿದ್ದಳು ಶಿಲ್ಪ. ಪಾಪ, ನೆನಪು ಜಾಸ್ತಿ ಮಾಡಿಕೊಂಡು ಏನು ಸುಖಪಡುತ್ತೋ ಅದು ಅಂತ ಸೊಣ್ಣಮ್ಮನಿಗೆ ಅನ್ನಿಸಿದ್ದುಂಟು. "ಆದರೆ ಯಾರೂ ಮುಟ್ಟಬಾರದು ಆಯ್ತಾ? ನಮ್ಮ ಮೈಯಲ್ಲಿರೋ ಕರೆಂಟು ತಾಕಿದ್ರೂ ಹೋಗುತ್ತೆ." ಅದಕ್ಕೆ ಸೊಣ್ಣಮ್ಮನ ಗಂಡ ಸಂಜೀವಪ್ಪ, "ಮೈಯಲ್ಲೇ ಕರೆಂಟಿದ್ದಿದ್ರೆ ಪಂಪ್‌ಸೆಟ್ಟಿಗೆ ನಿನ್ನತ್ತೇನೇ ಕಟ್ತಿದ್ದೆ ಕಣಮ್ಮ" ಅಂತ ನಕ್ಕಿದ್ದ. ಎಲ್ಲಾ ಸರಿ. ಆದರೆ ಈ ಮನೆಗೆ ಬಂದ ಯಾವ ಸಾಮಾನು ತಾನೇ ಅರಿಶಿನ ಕಾಣದೆ ಒಳಗೆ ಹೋಗಿದೆ? ಗ್ಯಾಸ್ ಒಲೆಗೆ ಹಚ್ಚಿದ್ದಳು, ಟಿ.ವಿ.ಗೆ ಹಚ್ಚಿದ್ದಳು, ಮಗನ ಬೈಕಿಗೆ ಹಚ್ಚಿದ್ದಳು. ಹಚ್ಚದೆ ಬೋರ್‌ವೆಲ್ಲಿಗೆ ಇಳಿಸಿದ ಒಂದೇ ಒಂದು ಮೋಟಾರು ಎಂಟೇ ದಿನಕ್ಕೆ ಸುಟ್ಟು ಮೇಲೆ ಬಂದಿತ್ತು. ಅದಕ್ಕೆ ಮೆಕ್ಯಾನಿಕ್ಕು ಬೇರೆ ಏನೋ ಕಾರಣ ಹೇಳಿದ, ಹೇಳಲಿ. ಹಾಗಿರುವಾಗ, ಆ ಹುಡುಗಿಯ ಹಣೆಬರಹವೇ ನೇತುಬಿದ್ದಿರುವ ಪಟ್ಟಿ ಬರಿಮೈಯಲ್ಲಿ ಒಳಗೆ ಹೋಗುವುದೇ? ತಡೆಯಲಿಲ್ಲ ಮನಸ್ಸು. ಪೊಟ್ಟಣ ಬಿಚ್ಚಿದಳು. ಕುಂಕುಮ ಇಟ್ಟರೆ ಕಂಡುಬಿಡುತ್ತದೆ, ಬರೀ ಅರಿಶಿನವಾದರೆ ಚಿನ್ನದ ಬಣ್ಣದ ಮೇಲೆ ಯಾರಿಗೂ ತಿಳಿಯುವುದಿಲ್ಲ ಅಂತ ಲೆಕ್ಕ ಹಾಕಿ, ಹಲ್ಲುಗಳಿಗೇ ಹಚ್ಚಿದಳು. ಎರಡೂ ಕಡೆ. ಒಂದು ಹಲ್ಲನ್ನೂ ಬಿಡದೆ. ಒಲೆಯ ಹತ್ತಿರ ಒಂದು ಗಳಿಗೆ ಹಿಡಿದು ಆರಿಸಿ, ಮೊದಲಿದ್ದ ಹಾಗೇ ಮಡಿಸಿಟ್ಟು, ಒಳ್ಳೇದಾಗಲಪ್ಪಾ ಅಂತ ಕೈ ಮುಗಿದಿದ್ದಳು.

ಹಣೆಬರಹ ಅಂದರೆ ದೊಡ್ಡ ಮಾತಾಯಿತು ಅನ್ನಬಹುದು. ಆದರೆ ಶಿಲ್ಪಳ ಪಾಲಿಗೆ ಅದು ರಸ್ತೆ ಕಡೆ ಬಾಗಿಲಿರುವ ಮುಂದಿನ ಕೋಣೆ. ಹಿಂದೆ ರೇಷ್ಮೆ ಹುಳ ಸಾಕುತ್ತಿದ್ದ ಕೋಣೆ ಅದು. ಹಿಪ್ಪುನೇರಳೆ ತೋಟ ತೆಗೆದು ಕ್ಯಾರೆಟ್ಟು ಹಾಕಿದ ಮೇಲೆ ಬಿದಿರಿನ ತಟ್ಟೆಗಳನ್ನೂ ಹುಳ ಗೂಡು ಕಟ್ಟುವ ಚಂದ್ರಿಕೆಗಳನ್ನೂ ತುಂಬಿಕೊಂಡು ಸುಮ್ಮನೆ ಬಿದ್ದಿತ್ತು. ದೇವನಹಳ್ಳಿ ಕಡೆ ವಿಮಾನ ಇಳಿಯಲು ಶುರುವಾದ ಮೇಲೆ ಇಲ್ಲಿ ಜಡಿಗೇನಹಳ್ಳಿ ಸುತ್ತಿನ ರಾಗಿ ಹೊಲಗಳಲ್ಲೂ ಸೈಟಿನ ಬಿಳಿ ಕಲ್ಲು ಎದ್ದವು. ಸೈಟು ಮಾರುವ ರಾಮಾಂಜಿನಪ್ಪ ಬಂದು, "ಸಂಜೀವಣ್ಣ, ಆ ಕೋಣೆ ನಂಗೆ ಆಫೀಸಿಗೆ ಕೊಟ್ಬಿಡು" ಅಂತ ದುಂಬಾಲು ಬಿದ್ದಿದ್ದ. ಶಿಲ್ಪಳಿಗೆ ಅಲ್ಲೊಂದು ಟೈಪಿಂಗು, ಪ್ರಿಂಟಿನ ಅಂಗಡಿ ಇಡುವ ಆಸೆ. ಅರ್ಜಿ ಬರೆಸಲು ಹೊಸಕೋಟೆಗೆ ಬಸ್ಸು ಹತ್ತುವವರು ಇಲ್ಲೇ ಬರೆಸಲಿ, ಹೈಸ್ಕೂಲಿನ ಹೆಣ್ಣುಮಕ್ಕಳು ನಾಲ್ಕಕ್ಷರ ಟೈಪು ಕಲಿಯಲಿ ಅಂತ. ಡಿಪ್ಲೊಮಾ ಓದುವಾಗ ಅಪ್ಪ ಕೊಡಿಸಿದ್ದ ಆ ಹಳೇ ಕಂಪ್ಯೂಟರನ್ನು ಮದುವೆಯಾಗಿ ಬರುವಾಗ ಬೀರು ಮಂಚದ ಜೊತೆ ಹೊತ್ತು ತಂದಿದ್ದೂ ಅದಕ್ಕೇ. ಗಂಡ ಭಾನುಪ್ರಕಾಶ್ ಏರ್‌ಪೋರ್ಟಿನಲ್ಲಿ ಶಿಫ್ಟ್ ಕೆಲಸದವನು, ಅವನದು ಎಲ್ಲದಕ್ಕೂ ಹ್ಞೂಂ. ತಕರಾರು ಮಾವನದು. ಒಂದು ಸಲ ಪಹಣಿ ಅರ್ಜಿ ಪ್ರಿಂಟು ಮಾಡಿಕೊಡು ಅಂತ ಕೂತವನು, ಆ ಯಂತ್ರ ಕಣ್ಣುಬಿಡುವಷ್ಟರಲ್ಲಿ ಎದ್ದುಹೋಗಿ ಎರಡು ಹಸು ಹಾಲು ಕರೆದು ಬಂದಿದ್ದ. ಕೊನೆಗೆ ಶನಿವಾರ ಮಾತಾಯಿತು. "ಭಾನುವಾರ ನಾಕು ಗಂಟೆಗೆ ರಾಮಾಂಜಿ ಬರ್ತಾನೆ. ಅಷ್ಟರೊಳಗೆ ಅದನ್ನ ನೆಟ್ಟಗೆ ಓಡಿಸಿ ತೋರ್ಸು, ಕೋಣೆ ನಿಂದು. ಇಲ್ದಿದ್ರೆ ಅವನ್ದು. ಆಮೇಲೆ ಮುಖ ಊದಿಸ್ಕೋಬೇಡ." ಶಿಲ್ಪ, "ಆಯ್ತು ಮಾವ" ಅಂದ ರೀತಿ ನೋಡಿ ಸೊಣ್ಣಮ್ಮನಿಗೆ ಹೆಮ್ಮೆಯೆನಿಸಿತ್ತು. ತಾನು ಈ ಮನೆಗೆ ಬಂದ ಹೊಸದರಲ್ಲಿ ಮಾವನ ಎದುರು ನಿಂತು ಮಾತಾಡುವುದಿರಲಿ, ಮಾವ ಕೆಮ್ಮಿದರೆ ಅಡುಗೆಮನೆಗೆ ಓಡುತ್ತಿದ್ದಳು.

"ಸರಿಯಾಗಿ ಕೂತಿಲ್ಲ ಅನ್ಸುತ್ತೆ" ಅಂತ ಶಿಲ್ಪ ತನಗೆ ತಾನೇ ಹೇಳಿಕೊಂಡು, ಹೊಸ ಪಟ್ಟಿಯನ್ನು ಎಳೆದು, ಬಾಯಿಂದ ಉಫ್ ಅಂತ ಊದಿ, ಎರಡು ಹೆಬ್ಬೆರಳಲ್ಲೂ ಒತ್ತಿ ಮತ್ತೆ ಸಿಕ್ಕಿಸಿದಳು. ಕಟಕ್ ಅಂತು. ಗುಂಡಿ ಒತ್ತಿದಳು. ಬೀಂ. ಸೊಣ್ಣಮ್ಮ, "ಕಾಫಿ ಕೊಡ್ಲೇನಮ್ಮ?" ಅಂದಳು. "ಬೇಡ ಅತ್ತೆ, ಈಗ ತಾನೇ ಕುಡಿದೆ." ಹೌದಲ್ಲ, ಈಗ ತಾನೇ ಕೊಟ್ಟಿದ್ದೆ. ಅರಿಶಿನದಿಂದ ಏನಾಗುತ್ತೆ? ಗಾಯಕ್ಕೆ ಹಚ್ಚುತ್ತೇವೆ, ಹಾಲಿಗೆ ಹಾಕಿ ಕುಡಿಯುತ್ತೇವೆ, ಮದುವೆ ಹೆಣ್ಣಿಗೆ ಮೈಯೆಲ್ಲಾ ಬಳಿಯುತ್ತೇವೆ, ಯಾರಿಗೆ ಕೆಡುಕಾಗಿದೆ? ಇದು ಅಂಗಡಿಯವನ ಮೋಸವೇ ಇರಬೇಕು. ಬೆಂಗಳೂರಿನವರು ಹಳ್ಳಿಯವರಿಗೆ ಕೆಟ್ಟ ಮಾಲು ದಾಟಿಸುವುದು ಹೊಸದೇ? ಹೀಗೆ ಅಂದುಕೊಂಡಾಗ ಒಂದು ಕ್ಷಣ ಹಗುರವಾಯಿತು, ಮರುಕ್ಷಣವೇ ಮೊಬೈಲಿನ ಕತೆ ನೆನಪಾಯಿತು. ಮಗ ಹೊಸ ಮೊಬೈಲು ತಂದಾಗ ಅದಕ್ಕೂ ಅರಿಶಿನ ಕುಂಕುಮ ಇಟ್ಟು, ಐದನೇ ನಂಬರಿನ ಗುಂಡಿ ಸಿಕ್ಕಿಕೊಂಡು, ಯಾರಿಗೆ ಮಾಡಿದರೂ ಕರೆ ಇನ್ಯಾರಿಗೋ ಹೋಗುತ್ತಿತ್ತು. ಸಂಜೀವಪ್ಪ ಅದನ್ನು ಹಾಲಿನ ಡೈರಿಯಲ್ಲಿ ಹೇಳಿ, ಒಂದು ತಿಂಗಳು ಊರಿನ ಹೆಂಗಸರು ಅವಳನ್ನು ಕಂಡಾಗಲೆಲ್ಲ, "ಸೊಣ್ಣಕ್ಕ, ನಮ್ಮ ಕ್ಯಾನಿಗೂ ಒಂಚೂರು ಹಚ್ಚು ಬಾ, ಹಾಲಿನ ಡಿಗ್ರಿ ಜಾಸ್ತಿ ಬರಲಿ" ಅಂತ ಕಾಡಿದ್ದರು. ಅವಳೂ ನಕ್ಕಿದ್ದಳು. ಮನೆಗೆ ಬಂದು ಮುಖ ತೊಳೆಯುವ ನೆಪದಲ್ಲಿ ಬಚ್ಚಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು.

ಹನ್ನೊಂದರ ಹೊತ್ತಿಗೆ ಶಿಲ್ಪ ಹಳೇ ಪಟ್ಟಿ ತೆಗೆದಿಟ್ಟು, ಅದರ ಜಾಗಕ್ಕೆ ಹೊಸದೊಂದನ್ನೇ ಹಾಕಿ ನೋಡಿದಳು. ಬೀಂ. ಭಾನುಪ್ರಕಾಶನಿಗೆ ಫೋನು ಮಾಡಿದಳು. ಅವನು ಗಲಾಟೆಯ ನಡುವಿನಿಂದ, "ಡ್ಯೂಟಿಲಿದೀನಿ ಕಣೇ, ಅಂಗಡಿಯವ್ನಿಗೇ ಕೇಳು ಗುರು" ಅಂದ. ಹೆಂಡತಿಗೂ ಗುರು, ಬಸ್ ಕಂಡಕ್ಟರಿಗೂ ಗುರು ಅವನಿಗೆ. ಅಂಗಡಿ ಭಾನುವಾರ ರಜಾ. ಶಿಲ್ಪ ಫೋನಿಟ್ಟು ತುಟಿ ಕಚ್ಚಿಕೊಂಡಳು. "ಹೊಸದು ಸತ್ತಿರಬೇಕು ಅತ್ತೆ. ಬದಲಾಯಿಸ್ಕೊಂಡು ಬರೋಣ ಅಂದ್ರೆ ನಾಳೆ. ಮಾವ ನಾಳೆ ತನಕ ಕಾಯ್ತಾರಾ?" ಸೊಣ್ಣಮ್ಮನ ಬಾಯಿಗೆ ಮಾತು ಬಂತು. ಬಂದದ್ದು, "ಕೇಳೋಣ" ಅನ್ನುವ ಮಾತು. ಥೂ, ಅದಲ್ಲ ಹೇಳಬೇಕಾಗಿದ್ದದ್ದು. ಆದರೆ ಸತ್ತಿರುವುದು ಹೊಸದೊಂದೇ ತಾನೇ; ಹಳೆಯದರಲ್ಲಿ ಮೊದಲಿನ ಹಾಗೆ ತಿಣುಕಿಕೊಂಡಾದರೂ ಓಡುತ್ತದೆ, ನಾಳೆ ಹೊಸದು ಬರುತ್ತದೆ, ಗಂಡನಿಗೆ ಒಂದು ದಿನ ತಡಿ ಅಂತ ತಾನೇ ಹೇಳಿದರಾಯಿತು, ಯಾರಿಗೂ ಏನೂ ತಿಳಿಯಬೇಕಾಗಿಲ್ಲ ಅಂತ ಅವಳ ಬುದ್ಧಿ ಚಕಚಕನೆ ದಾರಿ ಹುಡುಕಿಕೊಂಡಿತು. ಇಂಥ ಹೊತ್ತಲ್ಲಿ ತನ್ನ ಬುದ್ಧಿ ಎಷ್ಟು ಚುರುಕು ಅಂತ ಅವಳಿಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಶಿಲ್ಪ ಹಳೆಯದನ್ನು ಅದರ ಜಾಗಕ್ಕೇ ಸಿಕ್ಕಿಸಿ ಗುಂಡಿ ಒತ್ತಿದಳು. ಬೀಂ ಅಂತು. ಶಿಲ್ಪ ಕೈ ಹಾಗೇ ಗಾಳಿಯಲ್ಲಿ ಹಿಡಿದು ಕೂತುಬಿಟ್ಟಳು. ಪಕ್ಕದ ಸಂದಿಗೆ ಹಾಕಿ ನೋಡಿದಳು. ಅಲ್ಲೂ ಬೀಂ. ನಿನ್ನೆಯವರೆಗೆ ಕುಂಟಿಕೊಂಡಾದರೂ ನಡೆಯುತ್ತಿದ್ದದ್ದು ಈಗ ಪೂರ್ತಿ ಮಲಗಿತು. "ಬೋರ್ಡೇ ಹೋಯ್ತಾ? ನಾನೇ ಏನೋ ಸುಟ್ಟುಬಿಟ್ಟೆ ಅತ್ತೆ" ಅಂದಳು. ದನಿ ಸಣ್ಣಗಾಗಿತ್ತು. ಬೆಳಗಿನಿಂದ ಒಂದು ಸಲವೂ ಅವಳ ದನಿ ಹಾಗೆ ಸಣ್ಣಗಾಗಿರಲಿಲ್ಲ. ಆಗಲೇ ಕರೆಂಟು ಹೋಯಿತು. ಭಾನುವಾರ ಹನ್ನೆರಡಕ್ಕೆ ಹೋದರೆ ಎರಡೂವರೆ ಮೂರು. ಶಿಲ್ಪ ಎದ್ದು ಹಿತ್ತಲಿಗೆ ಹೋಗಿ ತೊಟ್ಟಿಯ ಕಟ್ಟೆ ಮೇಲೆ ಕೂತಳು. ಸೊಣ್ಣಮ್ಮ ಬೇಳೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಹಿತಕಬೇಳೆ ಸಾರಿಗೆ ಒಗ್ಗರಣೆ ಹಾಕಿದಳು, ಉಪ್ಪು ಎರಡು ಸಲ ಹಾಕಿದಳು.

ಊಟಕ್ಕೆ ಬಂದ ಸಂಜೀವಪ್ಪ ಒಂದು ತುತ್ತು ಮುದ್ದೆ ಅದ್ದಿ ಬಾಯಿಗಿಟ್ಟು, "ಏನಮ್ಮಿ, ಸಮುದ್ರ ತಂದು ಸುರಿದಂಗಿದೆ?" ಅಂದ. ಆಮೇಲೆ ಪಡಸಾಲೆಯ ಮೂಲೆ ಕಡೆ ಹುಬ್ಬು ಹಾರಿಸಿ, "ಹೆಂಗೆ?" ಅಂದ. ಸೊಣ್ಣಮ್ಮ, "ಕರೆಂಟಿಲ್ಲ" ಅಂದಳು. ಅದು ಸುಳ್ಳಲ್ಲ. ಅವಳ ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಸುಳ್ಳಲ್ಲದ ಮಾತುಗಳು ಬೇಕಾದಷ್ಟಿವೆ. ಅವನು ಕೈ ತೊಳೆದು ತೋಟದ ಕಡೆ ಹೋದ ಮೇಲೆ ಮನೆಯಲ್ಲಿ ನೊಣ ಹಾರಿದರೂ ಕೇಳುವಷ್ಟು ಸದ್ದಡಗಿತು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಕತ್ತಲೆಯಿಂದ ಹಳೇ ಬಿದಿರಿನ ವಾಸನೆ. ಆ ಕೋಣೆಯಲ್ಲೇ ಅಲ್ಲವೇ ಅದು ನಡೆದದ್ದು. ಆಗ ಸೊಣ್ಣಮ್ಮನಿಗೆ ಮದುವೆಯಾಗಿ ಆರು ತಿಂಗಳಾಗಿತ್ತು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳ, ಹಗಲೂ ರಾತ್ರಿ ಸೊಪ್ಪು ತಿನ್ನುವ ಸದ್ದು ಮಳೆ ಹನಿದ ಹಾಗೆ. ಹುಳ ಕಾಯಲು ಅವಳನ್ನು ಅಲ್ಲೇ ಮಲಗಿಸಿದ್ದರು. ಸೊಳ್ಳೆ ಅಂದರೆ ಸೊಳ್ಳೆ. ತವರಿನಿಂದ ತಂದ ಸೊಳ್ಳೆ ಬತ್ತಿಯೊಂದು ಟ್ರಂಕಿನಲ್ಲಿತ್ತು, ಹಚ್ಚಿ ತಟ್ಟೆಗಳ ಕೆಳಗಿಟ್ಟು ಸುಖವಾಗಿ ನಿದ್ದೆ ಮಾಡಿದಳು. ಅವಳ ತವರಿನಲ್ಲಿ ಹುಳ ಸಾಕಿದವರಲ್ಲ, ಹೊಗೆ ಅವಕ್ಕೆ ಆಗುವುದಿಲ್ಲ ಅಂತ ಅವಳಿಗೇನು ಗೊತ್ತು? ಬೆಳಗಾಗುವಷ್ಟರಲ್ಲಿ ತಟ್ಟೆ ತಟ್ಟೆಯೇ ಬಾಯಿಂದ ಹಸಿರು ಕಕ್ಕಿ ಒದ್ದಾಡುತ್ತಿತ್ತು. ಅವಳ ಮಾವ ಬಂದು ನೋಡಿದವನೇ ಅತ್ತೆಯ ಮೇಲೆ ಎಗರಿಬಿದ್ದ. ಅತ್ತೆ ಸಪ್ಪಲಮ್ಮನಿಗೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಚಟ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದೆ, ಬೆಳೆ ಹಾಳು ಮಾಡಿದೆ ಅಂತ ಊರೆಲ್ಲಾ ಕೇಳುವ ಹಾಗೆ ಬೈದ. ಸಪ್ಪಲಮ್ಮ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಕೈ ತೊಳೆದೇ ಹಾಕಿದ್ದೆ ಅನ್ನುವ ಮಾತೂ ಅವಳ ಬಾಯಿಂದ ಗಟ್ಟಿಯಾಗಿ ಹೊರಡಲಿಲ್ಲ, ಅವಳಿಗೇ ಅನುಮಾನ ಬಂದುಬಿಟ್ಟಿತ್ತು. ಸೊಣ್ಣಮ್ಮ ಸೊಳ್ಳೆ ಬತ್ತಿಯ ಬೂದಿಯನ್ನು ಸೆರಗಲ್ಲಿ ಕಟ್ಟಿಕೊಂಡು ಹೋಗಿ ತಿಪ್ಪೆಗೆ ಹಾಕಿದಳು, ಮಾತಾಡಲಿಲ್ಲ. ಆವತ್ತಿನಿಂದ ಅತ್ತೆ ಹೊಗೆಸೊಪ್ಪು ಬಿಟ್ಟಳು. ಬಿಟ್ಟವಳು ಸುಮ್ಮನಿದ್ದಳೇ? ಚಟ ಬಿಟ್ಟ ಸಿಟ್ಟನ್ನೆಲ್ಲ ಸೊಸೆಯ ಮೇಲೆ ತೀರಿಸಿಕೊಂಡಳು. ಸಾರು ನೀರಾಯಿತು ಅಂತ, ಕಸ ಉಳಿಯಿತು ಅಂತ, ಜಡೆ ಉದ್ದವಾಯಿತು ಅಂತ. ಅಷ್ಟನ್ನೂ ಸೊಣ್ಣಮ್ಮ ಬಾಯಿ ಮುಚ್ಚಿಕೊಂಡು ತಿಂದಳು. ಬಡ್ಡಿ ಕಟ್ಟುತ್ತಿದ್ದೇನೆ ಅಂದುಕೊಂಡು ತಿಂದಳು. ಹೇಳೋಣ, ಇವತ್ತು ಹೇಳೋಣ ಅಂತಿದ್ದ ಹಾಗೇ ಅತ್ತೆ ಸತ್ತು ಹೋಗಿ ಹತ್ತು ವರ್ಷವಾಯಿತು. ಊರವರು ಮಾತ್ರ ಈಗಲೂ, ಯಾರಾದರೂ ಹೊಗೆಸೊಪ್ಪು ಬಾಯಿಗಿಟ್ಟರೆ, "ಹುಳ ತಿಂದ ಸಪ್ಪಲಮ್ಮ ಆಗ್ಬೇಡ ಕಣೇ" ಅನ್ನುತ್ತಾರೆ, ನಗುತ್ತಾರೆ.

ಸೊಣ್ಣಮ್ಮ ಹಿತ್ತಲಿಗೆ ಹೋದಳು. ಶಿಲ್ಪ ತೊಟ್ಟಿಯ ನೀರಿನಲ್ಲಿ ಬೆರಳಾಡಿಸುತ್ತಾ ಕೂತಿದ್ದಳು. ತನ್ನ ಬೆರಳನ್ನೇ ತಿರುಗಿಸಿ ನೋಡಿಕೊಂಡಳು. "ಬೆಳಗ್ಗೆ ಕೈ ಸರಿಯಾಗಿ ಒರೆಸ್ಕೊಂಡಿದ್ದೆನಾ ಅಂತ" ಅಂದಳು. ಅಷ್ಟು ಸಾಕಾಯಿತು.

"ಶಿಲ್ಪಾ, ನಿನ್ನ ಕೈ ತಪ್ಪಲ್ಲ ಕಣಮ್ಮ. ನಾನು ಅದಕ್ಕೆ ಅರಿಶಿನ ಹಚ್ಚಿದೆ."

"ಯಾವುದಕ್ಕೆ?"

"ಆ ಪಟ್ಟಿಗೆ. ಚಿನ್ನದ ಹಲ್ಲಿಗೆ."

ಶಿಲ್ಪಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಓಡಿಹೋಗಿ ಪಟ್ಟಿ ತಂದು, ಬಿಸಿಲಿಗೆ ಹಿಡಿದು, ಉಗುರಿನಿಂದ ಕೆರೆದು, ಮೂಗಿನ ಹತ್ತಿರ ತಂದಳು. "ಮುಟ್ಟಬೇಡಿ ಅಂತ ಹೇಳಿದ್ದೆ ಅಲ್ವಾ ಅತ್ತೆ! ಎಷ್ಟು ಸಲ ಹೇಳಿದ್ದೆ!" ಅಂತ ಕಿರುಚಿಯೇಬಿಟ್ಟಳು. ಕೊಟ್ಟಿಗೆಯ ಹಸು ಕೂಡ ತಿರುಗಿ ನೋಡಿತು. ಸೊಣ್ಣಮ್ಮ, "ಹೇಳಿದ್ದೆ" ಅಂದಳು. "ಬೆಳಗ್ಗಿಂದ ನೋಡ್ತಾನೇ ಇದ್ರಿ!" "ನೋಡ್ತಾನೇ ಇದ್ದೆ." ಸೊಣ್ಣಮ್ಮ ಕಣ್ಣಲ್ಲಿ ನೀರು ಬಂದೀತು ಅಂತ ಕೊಟ್ಟಿಗೆ ಕಡೆ ನೋಡಿದಳು. ಶಿಲ್ಪ ಮತ್ತೆ ಪಟ್ಟಿ ತಿರುಗಿಸಿದಳು. "ಹಿಂದೆಗಡೆನೂ ಹಚ್ಚಿದ್ದೀರಾ?" "ಎರಡೂ ಕಡೆ. ಒಂದು ಹಲ್ಲೂ ಬಿಡಬಾರದು ಅಂತ." ಶಿಲ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗಾಡಿತು. ಅಳಿಸಿಬಿಟ್ಟೆನಲ್ಲಪ್ಪಾ ಈ ಹುಡುಗೀನ ಅಂತ ಸೊಣ್ಣಮ್ಮ ಹತ್ತಿರ ಹೋಗಿ ಕೈ ಬಿಡಿಸಿದರೆ, ಅವಳು ನಗುತ್ತಿದ್ದಳು. ಅಳುವೂ ಒಂಚೂರು ಇತ್ತೇನೋ, ಜಾಸ್ತಿ ನಗುವೇ. "ಮೂರು ವರ್ಷ ಡಿಪ್ಲೊಮಾ ಓದಿದೀನಿ ಅತ್ತೆ, ಎಲ್ಲಾ ತೊಂದರೆನೂ ಪುಸ್ತಕದಲ್ಲಿತ್ತು. ಅರಿಶಿನ ಮಾತ್ರ ಇರ್ಲಿಲ್ಲ!" ಸೊಣ್ಣಮ್ಮನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ, ಆಮೇಲೆ ತಿಳಿಯದೆಯೇ ನಕ್ಕಳು.

"ತೆಗೆಯೋಕಾಗುತ್ತಾ?" ಅಂದಳು. "ಇದರದ್ದು ತೆಗೀಬಹುದು" ಅಂತ ಶಿಲ್ಪ ತನ್ನ ಡ್ರಾಯಿಂಗ್ ಡಬ್ಬಿಯಿಂದ ಬಿಳಿ ರಬ್ಬರು ಹುಡುಕಿ ತಂದು, ಕೈ ಒರೆಸಿಕೊಂಡು ಹಲ್ಲುಗಳನ್ನು ಉಜ್ಜತೊಡಗಿದಳು. ರಬ್ಬರು ಹಳದಿಯಾಗುತ್ತಾ ಬಂತು, ಹಲ್ಲು ಪಳಪಳ ಅಂದವು. "ಆದರೆ ಪುಡಿ ಉದುರಿ ಎರಡೂ ಸಂದಿಯೊಳಗೆ ಹೋಗಿದೆ, ಅದಕ್ಕೇ ಹಳೇದೂ ಕೂಗ್ತಿದೆ. ಬ್ರಷ್ಷು ಒಳಗೆ ಹೋಗಲ್ಲ, ಅಲ್ಲಿರೋ ತಂತಿ ಒಂದು ಬಗ್ಗಿದ್ರೂ ಮುಗೀತು ಕತೆ." ಸೊಣ್ಣಮ್ಮ ಸಂದಿಗೆ ಬಗ್ಗಿ ನೋಡಿದಳು. ಕೂದಲಿನಷ್ಟು ತೆಳ್ಳಗಿನ ಸಾಲು. ಮುಂದಿನ ಕೋಣೆಗೆ ಹೋಗಿ, ತಟ್ಟೆಗಳ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ ಕೋಳಿಪುಕ್ಕಗಳಲ್ಲಿ ಮೆತ್ತಗಿನದೊಂದನ್ನು ಆರಿಸಿ ತಂದಳು. ಮೊಟ್ಟೆಯೊಡೆದ ಮರಿಹುಳವನ್ನು, ಕಣ್ಣಿಗೂ ಸರಿಯಾಗಿ ಕಾಣದ ಕರೀ ಎಳೆಯಂಥದ್ದನ್ನು, ಹಾಳೆಯಿಂದ ಎಳೆಸೊಪ್ಪಿಗೆ ಸರಿಸುವುದು ಪುಕ್ಕದಲ್ಲೇ. ಬೆರಳು ತಾಕಿದರೆ ಸಾಯುತ್ತವೆ. ಆ ಕೆಲಸದಲ್ಲಿ ಸುತ್ತಿನಲ್ಲಿ ಅವಳ ಕೈ ಮುಂದೆ ಯಾರೂ ಇರಲಿಲ್ಲ. ಆ ಬೆಳೆ ಹಾಳಾದ ಮೇಲೆ ಹಟ ಹಿಡಿದು ಕಲಿತದ್ದು. ಹಸುವಿನ ಗಾಯಕ್ಕೆಂದು ಇಟ್ಟಿದ್ದ ಸ್ಪಿರಿಟ್ಟನ್ನು ಶಿಲ್ಪ ಮುಚ್ಚಳಕ್ಕೆ ಬಗ್ಗಿಸಿದಳು. ಸೊಣ್ಣಮ್ಮ ಪುಕ್ಕದ ತುದಿ ಅದ್ದಿ, ಝಾಡಿಸಿ, ಉಸಿರು ಹಿಡಿದು ಸಂದಿಯೊಳಕ್ಕೆ ಇಳಿಸಿದಳು. ಈ ತುದಿಯಿಂದ ಆ ತುದಿಗೆ, ಒಂದೇ ದಿಕ್ಕಿಗೆ. ಪುಕ್ಕದ ಬಿಳಿ ಹಳದಿಯಾಯಿತು. ಇನ್ನೊಂದು ಪುಕ್ಕ. ಮತ್ತೊಂದು. "ಅತ್ತೆ, ನಿಮ್ಮ ಕೈ ಅಲ್ಲಾಡೋದೇ ಇಲ್ವಲ್ಲ!" ಅಂದಳು ಶಿಲ್ಪ. "ಮಾತಾಡಿಸ್ಬೇಡ, ಅಲ್ಲಾಡ್ತದೆ" ಅಂದಳು ಸೊಣ್ಣಮ್ಮ, ಖುಷಿ ತಡೆಯಲಾರದೆ.

ಕರೆಂಟು ಬಂದಾಗ ಮೂರೂಕಾಲು. ಸ್ಪಿರಿಟ್ಟು ಪೂರ್ತಿ ಆರಲಿ ಅಂತ ಇನ್ನೂ ಹತ್ತು ನಿಮಿಷ ಕಾದರು, ಅಷ್ಟು ಉದ್ದದ ಹತ್ತು ನಿಮಿಷವನ್ನು ಸೊಣ್ಣಮ್ಮ ಭಾನುಪ್ರಕಾಶ್ ಹುಟ್ಟುವಾಗಲೂ ಕಂಡಿರಲಿಲ್ಲ. ಶಿಲ್ಪ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಕೂರಿಸಿ, ಗುಂಡಿಯ ಮೇಲೆ ಬೆರಳಿಟ್ಟು, ಅತ್ತೆಯ ಮುಖ ನೋಡಿದಳು. "ಒತ್ತು ಒತ್ತು." ಒತ್ತಿದಳು. ಫ್ಯಾನು ಗುರ್ ಅಂತು. ಟಿಕ್ ಅಂತ ಒಂದೇ ಒಂದು ಪುಟ್ಟ ಸದ್ದು. ಆಮೇಲೆ ಕೂಗಲೇ ಇಲ್ಲ. ಪರದೆಯ ಮೇಲೆ ಅಂಕಿ ಸರಸರ ಏರಿದವು, ಬಣ್ಣ ಬಂತು, ಚಿತ್ರ ಬಂತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕುಪ್ಪಳಿಸಿದರು. ಐವತ್ತು ದಾಟಿದ ಮಂಡಿ ಕಟಕ್ ಅಂದದ್ದು ಸೊಣ್ಣಮ್ಮನಿಗೆ ಆಮೇಲೆ ತಿಳಿಯಿತು.

ನಾಲ್ಕಕ್ಕೆ ಸಂಜೀವಪ್ಪ ರಾಮಾಂಜಿನಪ್ಪನನ್ನು ಕರೆದುಕೊಂಡೇ ಬಂದ. ರಾಮಾಂಜಿನಪ್ಪ ಬಿಳಿ ಶರಟು, ಕೈಯಲ್ಲಿ ಎರಡು ಮೊಬೈಲು. ಶಿಲ್ಪ ಕಂಪ್ಯೂಟರನ್ನು ಆರಿಸಿ, ಮತ್ತೆ ಹಚ್ಚಿ ತೋರಿಸಿದಳು, ಮಾವನ ಹೆಸರನ್ನು ಕನ್ನಡದಲ್ಲಿ ದಪ್ಪಗೆ ಟೈಪು ಮಾಡಿ ಪ್ರಿಂಟು ತೆಗೆದು ಕೈಗಿಟ್ಟಳು. ಸಂಜೀವಪ್ಪ ಕಾಗದ ಹಿಂದೆ ಮುಂದೆ ನೋಡಿ, "ಪರವಾಗಿಲ್ಲ ಕಣಮ್ಮ" ಅಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು, "ಮತ್ತೆ ಬೆಳಗ್ಗಿಂದ ತೋಟದ ತನಕ ಕೇಳೋಹಂಗೆ ಬಡ್ಕೋತಿತ್ತಲ್ಲ, ಏನಾಗಿತ್ತು?" ಅಂದ. ಶಿಲ್ಪ ಅತ್ತೆಯ ಕಡೆ ನೋಡದೆ ಹೇಳಿದಳು: "ನಂದೇ ತಪ್ಪು ಮಾವ. ಸರಿಯಾಗಿ ಕೂರಿಸಿರ್ಲಿಲ್ಲ." ಅಬ್ಬಾ ಅಂತ ಒಂದು ತಂಪು ಸೊಣ್ಣಮ್ಮನ ಮೈಯಲ್ಲಿ ಹರಿಯಿತು. ಚಿನ್ನದಂಥ ಹುಡುಗಿ. ಮನೆಯ ಮಾತು ಮನೆಯಲ್ಲೇ ಉಳಿಯಿತು.

"ಓಹೋ" ಅಂದ ಸಂಜೀವಪ್ಪ. ಕಾಗದ ಮಡಿಚಿ ಜೇಬಿಗಿಟ್ಟುಕೊಂಡ. "ಒಂದು ಪಟ್ಟಿ ಕೂರ್ಸೋಕೆ ಬೆಳಗ್ಗಿಂದ ಸಾಯಂಕಾಲ ಆಯ್ತು ನಿಂಗೆ. ಅಂಗಡೀಲಿ ಜನ ಸಾಲಾಗಿ ನಿಂತಿರುವಾಗ ಅದು ಮತ್ತೆ ಬಡ್ಕೊಂಡ್ರೆ ಏನು ಮಾಡ್ತೀಯಾ? ಇದು ನಡೆಯೋ ವ್ಯಾಪಾರ ಅಲ್ಲಮ್ಮ, ಬೇಜಾರಾಗ್ಬೇಡ. ರಾಮಾಂಜಿ, ನೀನು ನಾಳೆ ನಿನ್ನ ಮೇಜು ಕುರ್ಚಿ ತಂದಿಡು." ಶಿಲ್ಪಳ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ಅವಳು ಈಗ ಹೇಳಬಹುದಿತ್ತು. ಹೇಳುವುದಿಲ್ಲ ಅಂತ ಸೊಣ್ಣಮ್ಮನಿಗೆ ತಿಳಿದುಹೋಯಿತು. ಆ ಮುಚ್ಚಿದ ಬಾಯಿಯ ಗುರುತು ಅವಳಿಗೆ ಚೆನ್ನಾಗಿತ್ತು. ರಾಮಾಂಜಿನಪ್ಪ ಬೇರೆ ಎದುರಿಗಿದ್ದಾನೆ, ಎರಡು ಮೊಬೈಲಿನವನು; ಇವನ ಕಿವಿಗೆ ಬಿದ್ದದ್ದು ಊರಿನ ಕಿವಿಗೇ ಬಿದ್ದ ಹಾಗೆ. ಬಿದ್ದರೆ ಬೀಳಲಿ, ಹಾಳಾಗ್ಹೋಗಲಿ.

"ಅವಳಲ್ಲ, ನಾನು" ಅಂದಳು ಸೊಣ್ಣಮ್ಮ. ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನಾನು ಅದಕ್ಕೆ ಅರಿಶಿನ ಹಚ್ಚಿದ್ದೆ. ಅವಳು ಮುಟ್ಟಬೇಡಿ ಅಂದಿದ್ಲು, ನಾನು ಕದ್ದು ಹಚ್ಚಿದೆ. ಸತ್ತೇ ಹೋಗಿದ್ದನ್ನ ಅವಳು ಎಬ್ಬಿಸಿ ಕೂರಿಸಿದಾಳೆ. ನೀವು ಅವಳಿಗೆ ಮಾತು ಕೊಟ್ಟಿದ್ರಿ. ನಾಕು ಗಂಟೆಗೆ ಓಡ್ಬೇಕು ಅಂದ್ರಿ, ಓಡ್ತಾ ಇದೆ. ಕೋಣೆ ಅವಳದು."

"ಅರಿಶಿನಾನಾ?" ಅಂದ ಸಂಜೀವಪ್ಪ. ರಾಮಾಂಜಿನಪ್ಪ ಮೊದಲು ನಕ್ಕ. ಆಮೇಲೆ ಸಂಜೀವಪ್ಪ ಕಂಬ ಹಿಡಿದುಕೊಂಡು ನಕ್ಕ, ಕೆಮ್ಮು ಬಂತು, ಕಣ್ಣೊರೆಸಿಕೊಂಡ. ಸೊಣ್ಣಮ್ಮ ಕದಲದೆ ನಿಂತಿದ್ದಳು. ನಗು ಇಳಿದ ಮೇಲೆ ಅವನು ಸೊಸೆಯನ್ನು ಒಂದು ಸಲ, ಹೆಂಡತಿಯನ್ನು ಒಂದು ಸಲ ನೋಡಿ, "ಅಲ್ಲಮ್ಮ, ಕೋಣೆ ಹೋಗ್ತಿದ್ರೂ ಬಾಯಿ ಬಿಡ್ಲಿಲ್ವಲ್ಲ ನೀನು?" ಅಂದ. ಆಮೇಲೆ ರಾಮಾಂಜಿನಪ್ಪನ ಕಡೆ ತಿರುಗಿದ. "ಇಲ್ಲ ಕಣಪ್ಪ ರಾಮಾಂಜಿ, ಮಾತು ಮಾತೇ. ಕೋಣೆ ಇವಳದು." ರಾಮಾಂಜಿನಪ್ಪ ಬೇಜಾರು ಮಾಡಿಕೊಳ್ಳುವ ಬದಲು, "ಹೋಗ್ಲಿ ಬಿಡಣ್ಣ. ನಮ್ಮನೇಲೂ ಒಂದು ಕಂಪ್ಯೂಟರು ಆರು ತಿಂಗಳಿಂದ ಮಲಗಿದೆ, ನಮ್ಮ ಹೆಂಗಸರು ಅದಕ್ಕೇನು ಬಳಿದಿದ್ದಾರೋ. ತಂದುಕೊಡ್ತೀನಿ, ನೋಡ್ತೀಯೇನಮ್ಮ?" ಅಂದ. ಬೈಕು ಹತ್ತುವ ಮೊದಲೇ ಅವನ ಕಿವಿಗೆ ಮೊಬೈಲು ಹೋಗಿತ್ತು, ಅವನ ನಗು ರಸ್ತೆಯ ತಿರುವಿನವರೆಗೂ ಕೇಳಿಸಿತು.

ಐದೂವರೆಗೆ ಸೊಣ್ಣಮ್ಮ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಳು. "ನಾನು ಹೋಗ್ಬರ್ತೀನಿ ಅತ್ತೆ, ನೀವಿರಿ" ಅಂದಳು ಶಿಲ್ಪ, ಅಲ್ಲಿ ಏನು ಕಾದಿದೆ ಅಂತ ಗೊತ್ತಿದ್ದವಳು. "ನೀನು ಕೋಣೆ ಗುಡಿಸು ಹೋಗು" ಅಂದಳು. ದಾರಿಯುದ್ದಕ್ಕೂ ಅವಳಿಗೆ ಎಂಥದೋ ಹಗುರ. ಚಳಿ ಬಿದ್ದಿತ್ತು, ಮೇಲೆ ವಿಮಾನವೊಂದು ದೀಪ ಮಿನುಗಿಸಿಕೊಂಡು ದೇವನಹಳ್ಳಿ ಕಡೆ ಇಳಿಯುತ್ತಿತ್ತು, ಅದರಲ್ಲಿ ಕೂತವರಿಗೂ ವಿಷಯ ತಿಳಿದಿದ್ದರೆ ಆಶ್ಚರ್ಯವಿಲ್ಲ ಅಂದುಕೊಂಡು ಒಬ್ಬಳೇ ನಕ್ಕಳು. ಡೈರಿಯ ಸಾಲಿನಲ್ಲಿ ಹತ್ತು ಹನ್ನೆರಡು ಹೆಂಗಸರು. ಇವಳನ್ನು ಕಂಡದ್ದೇ ಲಕ್ಷ್ಮೀದೇವಮ್ಮ ಪಕ್ಕದವಳನ್ನು ಮೊಣಕೈಯಲ್ಲಿ ತಿವಿದಳು. ಯಾರೂ ಬಾಯಿ ತೆರೆಯುವ ಮೊದಲೇ ಸೊಣ್ಣಮ್ಮ ಕ್ಯಾನು ಕೆಳಗಿಟ್ಟು, "ಬೇರೆಯೋರು ಹೇಳಿದ್ರೆ ಅರ್ಧಂಬರ್ಧ ಹೇಳ್ತಾರೆ, ನಾನೇ ಹೇಳ್ತೀನಿ ಕೇಳ್ರೇ" ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿ, ಗೂಡಿನಿಂದ ಪುಕ್ಕದವರೆಗೆ ಒಂದೂ ಬಿಡದೆ ಹೇಳಿದಳು. ಬೀಂ ಅಂತ ಕೂಗಿ ಕೂಡ ತೋರಿಸಿದಳು. ಹಾಲು ಅಳೆಯುವವನು ಅಳತೆ ನಿಲ್ಲಿಸಿದ. ಹೆಂಗಸರು ಒಬ್ಬರ ಮೈಮೇಲೆ ಒಬ್ಬರು ಬಿದ್ದು ನಕ್ಕರು, ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಚ್ಚಲಿಗೆ ಹೋಗಿ ನಿಲ್ಲಬೇಕು ಅನ್ನಿಸಲಿಲ್ಲ.

ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. ಸೊಣ್ಣಮ್ಮ ಕಣ್ಣೊರೆಸಿಕೊಂಡು, "ತಡೀರಿ, ಇನ್ನೊಂದಿದೆ" ಅಂದಳು. ಇನ್ನೂ ನಗುವುದಿದೆ ಅಂತ ಅವರೆಲ್ಲ ಹತ್ತಿರ ಸರಿದರು.

"ನಮ್ಮತ್ತೆ ಸಪ್ಪಲಮ್ಮ ಅವತ್ತು ಕೈ ತೊಳೆದೇ ಸೊಪ್ಪು ಹಾಕಿದ್ರು ಕಣ್ರೇ."